ಸಹಿ ಬೀಳುವ ಯಂತ್ರ: ಹಳೆಯ ಹಾಗೂ ಅನಧಿಕೃತ ಕಾರ್ಯಾಚರಣಾ ವ್ಯವಸ್ಥೆಯಿಂದ ಗ್ರಾಮ ಪಂಚಾಯತಿ ಕಚೇರಿಗಳಲ್ಲಿ ಉಂಟಾಗುವ ತೊಡಕುಗಳು

ಉಪನ್ಯಾಸದ ಪಠ್ಯ



ಗುಬ್ಬಿ ತಾಲ್ಲೂಕಿನ ಒಂದು ಗ್ರಾಮ ಪಂಚಾಯತಿಯಲ್ಲಿ ನಡೆದ ಪ್ರಸಂಗದಿಂದ ಈ ವಿಷಯವನ್ನು ಆರಂಭಿಸುವುದು ಸೂಕ್ತ. ಪಂಚಾಯತಿಯ ಹೆಸರು ಇಲ್ಲಿ ಮುಖ್ಯವಲ್ಲ. ಇಂತಹ ಪ್ರಸಂಗ ಯಾವ ತಾಲ್ಲೂಕಿನಲ್ಲಿಯೂ ನಡೆಯಬಹುದು.

ಪತಿಯನ್ನು ಕಳೆದುಕೊಂಡ ಮಹಿಳೆಯೊಬ್ಬರು ಮಗಳ ಓದಿನ ಸಲುವಾಗಿ ಬ್ಯಾಂಕಿನಿಂದ ಸಾಲ ಪಡೆಯಬೇಕಾಗಿತ್ತು. ಮನೆಯ ಸ್ವತ್ತನ್ನು ಆಧಾರ ಮಾಡಲು ಇ-ಸ್ವತ್ತು ತಂತ್ರಾಂಶದ ನಮೂನೆ 9 ಮತ್ತು ನಮೂನೆ 11ಎ ಅವಶ್ಯವಾಗಿದ್ದವು. ಅರ್ಜಿ ಸ್ವೀಕೃತವಾಗಿತ್ತು, ಖಾತೆ ಅವರ ಹೆಸರಿಗೆ ಬದಲಾಗಿತ್ತು, ನಕ್ಷೆ ಬಂದಿತ್ತು, ಅನುಮೋದನೆಯೂ ದೊರೆತಿತ್ತು. ಉಳಿದುದು ಪಂಚಾಯತಿ ಅಭಿವೃದ್ಧಿ ಅಧಿಕಾರಿಯ ಡಿಜಿಟಲ್ ಸಹಿ ಮಾತ್ರ. ಟೋಕನ್ನನ್ನು ಗಣಕಯಂತ್ರಕ್ಕೆ ಚುಚ್ಚಿದರೆ ದೀಪ ಉರಿಯುತ್ತಿತ್ತು, ಪರದೆಯ ಮೇಲೆ ಮಾತ್ರ ಟೋಕನ್ ಕಂಡುಬಂದಿಲ್ಲವೆಂಬ ಸಂದೇಶವೇ ಮರುಕಳಿಸುತ್ತಿತ್ತು. "ಸರ್ವರ್ ಇಲ್ಲ ಕಣಮ್ಮ, ನಾಳೆ ಬನ್ನಿ" ಎಂಬ ಉತ್ತರವನ್ನು ಆ ಮಹಿಳೆ ನಾಲ್ಕು ಬಾರಿ ಕೇಳಿ ಹಿಂದಿರುಗಿದರು. ಶಕ್ತಿ ಯೋಜನೆಯಿಂದಾಗಿ ಬಸ್ಸಿನ ದರ ಉಳಿಯಿತು. ಆ ನಾಲ್ಕು ದಿನಗಳ ಕೂಲಿ ಉಳಿಯಲಿಲ್ಲ.

ಬ್ಯಾಂಕು ಕೊಟ್ಟ ಗಡುವು ಸಮೀಪಿಸಿದಾಗ ಆಪರೇಟರು ಟೋಕನ್ನನ್ನು ಜೇಬಿನಲ್ಲಿ ಇರಿಸಿಕೊಂಡು, ಅದರ ಗುಪ್ತಸಂಖ್ಯೆಯನ್ನು ಚೀಟಿಯಲ್ಲಿ ಬರೆಸಿಕೊಂಡು ತುಮಕೂರು ನಗರಕ್ಕೆ ಬಂದರು. ಬಸ್ ನಿಲ್ದಾಣದ ಸಮೀಪದ ಖಾಸಗಿ ಮಳಿಗೆಯೊಂದರ ಗಣಕಯಂತ್ರದಲ್ಲಿ ಅದೇ ಟೋಕನ್, ಅದೇ ಜಾಲತಾಣ, ಅದೇ ಲಾಗಿನ್. ಕೆಲವೇ ನಿಮಿಷಗಳಲ್ಲಿ ಸಹಿ ಆಯಿತು. ಮಹಿಳೆಗೆ ಪತ್ರ ದೊರೆಯಿತು, ಎಲ್ಲರೂ ನೆಮ್ಮದಿಯ ಉಸಿರು ಬಿಟ್ಟರು.

ಮೊದಲ ನೋಟಕ್ಕೆ ಇದು ಸುಖಾಂತ್ಯ. ನಿಜವಾದ ಅಪಾಯ ನಡೆದದ್ದು ಆ ಕೊನೆಯ ಹೆಜ್ಜೆಯಲ್ಲಿಯೇ. ಸರ್ಕಾರಿ ಕಚೇರಿಯ ಮುದ್ರೆಯು ಅದನ್ನು ತೆರೆಯುವ ಬೀಗದ ಕೈಯೊಂದಿಗೆ, ಯಾರದೆಂದು ತಿಳಿಯದ ಯಂತ್ರದ ಮುಂದೆ ಕುಳಿತಿತು. ಕಚೇರಿಯ ಒಂದು ಗಣಕಯಂತ್ರದ ದೋಷವು ಸಿಬ್ಬಂದಿಯನ್ನು ಅಷ್ಟು ದೂರ ದೂಡಿತು. ಆ ದೋಷ ಯಾವುದು, ಅದು ಹೇಗೆ ಬಂದಿತು, ಅದನ್ನು ಹೇಗೆ ನಿವಾರಿಸಬೇಕು ಎಂಬುದೇ ಈ ಉಪನ್ಯಾಸದ ವಿಷಯ.

ನೆಲವೇ ಡೊಂಕಾದಾಗ

ಕುಣಿಯಲಾರದವಳು ನೆಲ ಡೊಂಕು ಎಂದಳೆಂಬ ಗಾದೆಯನ್ನು ನಾಟಕ ಕಂಪನಿಯಿಂದ ನಾಡಿಗೆಲ್ಲ ಹೆಸರಾದ ಗುಬ್ಬಿಯ ಜನರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೇಲಿನ ಪ್ರಸಂಗದಲ್ಲಿ ಗಾದೆ ತಿರುವುಮುರುವಾಯಿತು. ಟೋಕನ್ ಸರಿಯಿತ್ತು, ಜಾಲತಾಣ ಸರಿಯಿತ್ತು, ಆಪರೇಟರಿಗೆ ಕೆಲಸ ಬರುತ್ತಿತ್ತು, ನೆಲವೇ ಡೊಂಕಾಗಿತ್ತು. ಇಲ್ಲಿ ನೆಲವೆಂದರೆ ಕಾರ್ಯಾಚರಣಾ ವ್ಯವಸ್ಥೆ, ಅಂದರೆ ಆಪರೇಟಿಂಗ್ ಸಿಸ್ಟಂ. ಇ-ಸ್ವತ್ತು, ಪಂಚತಂತ್ರ, 2020ರ ಏಪ್ರಿಲ್ 24ರಂದು ಲೋಕಾರ್ಪಣೆಗೊಂಡ ಇ-ಗ್ರಾಮಸ್ವರಾಜ್, ಹೀಗೆ ಪಂಚಾಯತಿಯ ಎಲ್ಲ ಕೆಲಸಗಳೂ ಆ ನೆಲದ ಮೇಲೆ ನಿಂತು ನಡೆಯಬೇಕು.

ಆ ಕಚೇರಿಯ ಯಂತ್ರವನ್ನು ಪರಿಶೀಲಿಸಿದಾಗ ಸಂಗತಿ ಬೆಳಕಿಗೆ ಬಂದಿತು. ಕೆಲವು ವರ್ಷಗಳ ಹಿಂದೆ ಹಾರ್ಡ್ ಡಿಸ್ಕ್ ಕೆಟ್ಟಾಗ ದುರಸ್ತಿಗೆ ಒಯ್ದ ಮಳಿಗೆಯಲ್ಲಿ ವಿಂಡೋಸ್ 7ರ ಒಂದು ಮಾರ್ಪಡಿಸಿದ ಪ್ರತಿಯನ್ನು ಹಾಕಿಕೊಡಲಾಗಿತ್ತು. ಇಂತಹ ಪ್ರತಿಗಳು ವಿಂಡೋಸ್ ತಯಾರಿಸುವ ಮೈಕ್ರೋಸಾಫ್ಟ್ ಸಂಸ್ಥೆಯಿಂದ ಬಂದವಲ್ಲ. ಯಾರೋ ಅನಾಮಿಕರು ಮೂಲ ತಂತ್ರಾಂಶವನ್ನು ಬಿಚ್ಚಿ, ತಮಗೆ ಬೇಡವೆನಿಸಿದ ಭಾಗಗಳನ್ನು ಕಿತ್ತು, ಪರವಾನಗಿಯ ತಪಾಸಣೆಯನ್ನು ಮುರಿದು, ಪುನಃ ಕಟ್ಟಿ ಹಂಚಿದವು. ಹಗುರ, ವೇಗ, ಪರವಾನಗಿಯ ಸಂಖ್ಯೆ ಕೇಳುವುದಿಲ್ಲ ಎಂಬ ಗುಣಗಳಿಂದ ಅವು ಬೇಗನೆ ಹರಡುತ್ತವೆ. ಅಗ್ಗದ ಆಸೆಗೆ ಮುಗ್ಗಲು ಜೋಳ ತಂದಂತೆ ಎಂಬ ಮಾತಿಗೆ ಇದಕ್ಕಿಂತ ಸರಿಯಾದ ಉದಾಹರಣೆ ದೊರೆಯಲಾರದು.

ಮತ್ತೊಂದು ಸಂಗತಿ ಇನ್ನಷ್ಟು ಖೇದಕರವಾದುದು. ಗಣಕಯಂತ್ರದ ಪೆಟ್ಟಿಗೆಯ ಪಕ್ಕದಲ್ಲಿ, ಧೂಳು ಒರೆಸಿದಾಗ, ಮೂಲ ಪರವಾನಗಿಯ ಚೀಟಿ ಅಂಟಿಕೊಂಡೇ ಇತ್ತು. ಸರ್ಕಾರವು ಹಣ ಕೊಟ್ಟು ಖರೀದಿಸಿದ ಅಧಿಕೃತ ಹಕ್ಕು ಕಚೇರಿಯಲ್ಲಿಯೇ ಇದ್ದಿತು. ಅದನ್ನು ಕೇಳಿದವರೂ ಇಲ್ಲ, ನೋಡಿದವರೂ ಇಲ್ಲ. ದಾಸ್ತಾನು ವಹಿಯಲ್ಲಿ "ಗಣಕಯಂತ್ರ, 1" ಎಂಬುದನ್ನು ಬಿಟ್ಟರೆ ಬೇರೇನೂ ನಮೂದಾಗಿರಲಿಲ್ಲ.

ತೊಡಕು ಹುಟ್ಟುವ ಬಗೆ

ಅನಧಿಕೃತ ಪ್ರತಿಯಲ್ಲಿ ಮೊದಲು ನಿಲ್ಲುವುದು ಪರಿಷ್ಕರಣೆ, ಅಂದರೆ ಅಪ್‌ಡೇಟ್. ಪರಿಷ್ಕರಣೆ ಬಂದರೆ ಮುರಿದ ಪರವಾನಗಿ ಪತ್ತೆಯಾಗಬಹುದೆಂಬ ಕಾರಣದಿಂದ ಅದನ್ನು ಸಿದ್ಧಪಡಿಸಿದವರೇ ಆ ಬಾಗಿಲನ್ನು ಮುಚ್ಚಿರುತ್ತಾರೆ. ಯಂತ್ರ ಅಂದಿನ ಮಟ್ಟಿಗೆ ಚೆನ್ನಾಗಿಯೇ ಓಡುತ್ತದೆ. ಆದರೆ ಹೊರಗಿನ ಜಗತ್ತು ಮುಂದೆ ಸಾಗುತ್ತದೆ, ಯಂತ್ರ ಆ ದಿನದಲ್ಲಿಯೇ ಉಳಿಯುತ್ತದೆ. ಇವೆರಡರ ನಡುವಿನ ಅಂತರವೇ ಹೊಂದಾಣಿಕೆಯ ತೊಡಕು. ಅದು ಐದು ರೂಪಗಳಲ್ಲಿ ಕಾಣಿಸಿಕೊಳ್ಳುತ್ತದೆ.

ಮೊದಲನೆಯದು ಟೋಕನ್ನಿನ ಚಾಲಕ ತಂತ್ರಾಂಶ, ಅಂದರೆ ಡ್ರೈವರ್. ಪ್ರತಿಯೊಂದು ಡ್ರೈವರಿನ ಮೇಲೂ ಅದರ ತಯಾರಕರ ಡಿಜಿಟಲ್ ಮುದ್ರೆ ಇರುತ್ತದೆ. ಹಿಂದೆ ಈ ಮುದ್ರೆಗೆ ಎಸ್‌ಎಚ್‌ಎ-1 ಎಂಬ ಗಣಿತ ವಿಧಾನ ಬಳಕೆಯಲ್ಲಿತ್ತು. ಅದು ದುರ್ಬಲವೆಂದು ಸಾಬೀತಾದ ಮೇಲೆ ಎಸ್‌ಎಚ್‌ಎ-2 ಬಂದಿತು. ಈ ಹೊಸ ಮುದ್ರೆಯನ್ನು ಓದುವ ಶಕ್ತಿ ವಿಂಡೋಸ್ 7ಕ್ಕೆ ಹುಟ್ಟಿನಿಂದ ಪೂರ್ಣವಾಗಿ ಇರಲಿಲ್ಲ. 2015 ಹಾಗೂ 2019ರಲ್ಲಿ ಬಂದ ಪರಿಷ್ಕರಣೆಗಳಿಂದ ಅದು ಒದಗಿತು. ಪರಿಷ್ಕರಣೆಯನ್ನು ಮುಚ್ಚಿದ ಪ್ರತಿಯು ಹೊಸ ಡ್ರೈವರನ್ನು ಅಪರಿಚಿತನೆಂದು ಬಾಗಿಲಿನಲ್ಲಿಯೇ ತಡೆಯುತ್ತದೆ. ಟೋಕನ್ನಿನ ದೀಪ ಉರಿಯುವುದು ವಿದ್ಯುತ್ತಿನಿಂದ. ಯಂತ್ರ ಅದನ್ನು ಗುರುತಿಸಿತೆಂದು ಅದರಿಂದ ತಿಳಿಯಬಾರದು.

ಎರಡನೆಯದು ಕಿತ್ತುಹಾಕಿದ ಸೇವೆಗಳು. ಯಂತ್ರವನ್ನು ಹಗುರಗೊಳಿಸುವ ನೆಪದಲ್ಲಿ ಮನೆಬಳಕೆಗೆ ಬೇಡವೆಂದು ತೆಗೆಯುವ ಭಾಗಗಳಲ್ಲಿ ಸ್ಮಾರ್ಟ್ ಕಾರ್ಡ್ ಸೇವೆಯೂ ಸೇರಿರುವುದುಂಟು. ಹಾಡು ಕೇಳುವವರಿಗೆ, ಚಲನಚಿತ್ರ ನೋಡುವವರಿಗೆ ಅದರ ಅಗತ್ಯವಿಲ್ಲ. ಆದರೆ ಡಿಜಿಟಲ್ ಸಹಿಯ ಟೋಕನ್ ಎಂಬುದು ಒಳಗೆ ಒಂದು ಸ್ಮಾರ್ಟ್ ಕಾರ್ಡೇ. ಆ ಸೇವೆ ಇಲ್ಲದ ಯಂತ್ರದಲ್ಲಿ ಡ್ರೈವರನ್ನು ಎಷ್ಟು ಬಾರಿ ಹಾಕಿದರೂ ಕೆಲಸ ನಡೆಯದು. ಸಹಿ ಮಾಡಿಸುವ ಸಹಾಯಕ ತಂತ್ರಾಂಶಗಳಿಗೆ ಬೇಕಾದ ಡಾಟ್ ನೆಟ್, ಜಾವಾ ಮುಂತಾದ ಆಧಾರಗಳ ಸ್ಥಿತಿಯೂ ಇದೇ.

ಮೂರನೆಯದು ಬ್ರೌಸರ್. ವಿಂಡೋಸ್ 7 ಹಾಗೂ 8.1ರಲ್ಲಿ ನಡೆಯುವ ಕೊನೆಯ ಕ್ರೋಮ್ ಆವೃತ್ತಿ 109. 2023ರ ಫೆಬ್ರವರಿಯಲ್ಲಿ ಬಂದ 110ನೆಯ ಆವೃತ್ತಿಗೆ ಕನಿಷ್ಠ ವಿಂಡೋಸ್ 10 ಬೇಕು. ಎಡ್ಜ್ ಬ್ರೌಸರ್ ಕೂಡ ಈ ಹಳೆಯ ವ್ಯವಸ್ಥೆಗಳಲ್ಲಿ 109ಕ್ಕೆ ನಿಂತಿತು. ಇಂಟರ್ನೆಟ್ ಎಕ್ಸ್‌ಪ್ಲೋರರ್ 2022ರ ಜೂನ್ 15ರಂದು ನಿವೃತ್ತವಾಯಿತು. ಬ್ರೌಸರಿನ ಒಳಗೆ ಜಾವಾ ನಡೆಸುವ ಹಳೆಯ ವಿಧಾನವನ್ನು ಕ್ರೋಮ್ 2015ರಲ್ಲಿಯೇ ಕೈಬಿಟ್ಟಿತು. ಜಾಲತಾಣವೊಂದು ಹೊಸ ಬ್ರೌಸರಿಗೆ ಅನುಗುಣವಾಗಿ ಬದಲಾದಾಗ, ಹಳೆಯ ಯಂತ್ರದಲ್ಲಿ ಪುಟ ತೆರೆದುಕೊಂಡರೂ ಗುಂಡಿ ಒತ್ತಿದರೆ ಏನೂ ಆಗದು. ಆಗ ಬಾಯಿಗೆ ಬರುವ ಮಾತು "ಸರ್ವರ್ ಇಲ್ಲ" ಎಂಬುದೇ.

ನಾಲ್ಕನೆಯದು ಪ್ರಮಾಣಪತ್ರ ಮತ್ತು ಗಡಿಯಾರ. ಸುರಕ್ಷಿತ ಜಾಲತಾಣವು ತಾನು ಅಸಲಿ ಎಂದು ಯಂತ್ರಕ್ಕೆ ಒಂದು ಪ್ರಮಾಣಪತ್ರವನ್ನು ತೋರಿಸುತ್ತದೆ. ಅದನ್ನು ನಂಬಲು ಬೇಕಾದ ಮೂಲ ಪ್ರಮಾಣಪತ್ರಗಳ ಪಟ್ಟಿ ಯಂತ್ರದಲ್ಲಿ ಇರುತ್ತದೆ, ಪರಿಷ್ಕರಣೆಯಿಂದ ಹೊಸದಾಗುತ್ತಿರುತ್ತದೆ. 2021ರ ಸೆಪ್ಟೆಂಬರ್ 30ರಂದು, ಜಗತ್ತಿನ ಅಸಂಖ್ಯ ಜಾಲತಾಣಗಳಿಗೆ ಆಧಾರವಾಗಿದ್ದ ಒಂದು ಮೂಲ ಪ್ರಮಾಣಪತ್ರದ ಅವಧಿ ಮುಗಿದಾಗ, ಪರಿಷ್ಕರಣೆ ಇಲ್ಲದ ಹಳೆಯ ಸಾಧನಗಳಲ್ಲಿ ನಿನ್ನೆ ತೆರೆದ ತಾಣಗಳು ಇಂದು ತೆರೆಯದಾದವು. ಇದರ ಜೊತೆಗೆ ಗಡಿಯಾರವನ್ನೂ ಗಮನಿಸಬೇಕು. ಮದರ್‌ಬೋರ್ಡಿನ ನಾಣ್ಯದಾಕಾರದ ಬ್ಯಾಟರಿ ಸತ್ತರೆ, ವಿದ್ಯುತ್ ಹೋಗಿ ಬಂದೊಡನೆ ಯಂತ್ರದ ದಿನಾಂಕ ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತದೆ. ಇಂದಿನ ಪ್ರಮಾಣಪತ್ರ ಆ ಯಂತ್ರದ ಲೆಕ್ಕದಲ್ಲಿ ಇನ್ನೂ ಹುಟ್ಟಿಯೇ ಇರುವುದಿಲ್ಲ. ಅಲ್ಪ ಬೆಲೆಯ ಒಂದು ಬ್ಯಾಟರಿಯಿಂದ ಇಡೀ ಕಚೇರಿಯ ಕೆಲಸ ನಿಂತ ನಿದರ್ಶನಗಳುಂಟು.

ಐದನೆಯದು ಕನ್ನಡ. ಹಗುರಗೊಳಿಸಿದ ಪ್ರತಿಗಳಲ್ಲಿ ಭಾರತೀಯ ಭಾಷೆಗಳ ಅಕ್ಷರಶೈಲಿಗಳನ್ನೂ ತೆಗೆದಿರುವುದುಂಟು. ವಿಂಡೋಸ್ ಎಕ್ಸ್‌ಪಿ ಕಾಲದಿಂದ ಬಂದ ತುಂಗಾ ಅಕ್ಷರಶೈಲಿಯೂ ಆ ಕತ್ತರಿಗೆ ಸಿಕ್ಕಿದರೆ ಯೂನಿಕೋಡ್ ಕನ್ನಡವೆಲ್ಲ ಖಾಲಿ ಚೌಕಗಳಾಗಿ ಕಾಣುತ್ತದೆ. ಫಲಾನುಭವಿಯ ಹೆಸರು ಚೌಕಗಳಾಗಿ ತೋರಿದಾಗ ಅದನ್ನು ಸರಿಯಾಗಿದೆಯೆಂದು ಅನುಮೋದಿಸುವುದು ಕಣ್ಣು ಮುಚ್ಚಿ ಸಹಿ ಹಾಕಿದಂತೆಯೇ.

ಕುಣಿಗಲ್ಲಿನ ಕಡತಗಳು

ಹಳೆಯ ಯಂತ್ರವನ್ನು ಬಿಡದಿರುವುದಕ್ಕೆ ಸಿಬ್ಬಂದಿಯ ಸೋಮಾರಿತನವೊಂದೇ ಕಾರಣವೆನ್ನುವುದು ಅನ್ಯಾಯ. ಕುಣಿಗಲ್ ತಾಲ್ಲೂಕಿನ ಒಂದು ಪಂಚಾಯತಿಯಲ್ಲಿ ಹಳೆಯ ಯಂತ್ರವನ್ನು ಬದಲಿಸಲು ಆಪರೇಟರು ಒಪ್ಪಲಿಲ್ಲ. ವಿಚಾರಿಸಿದಾಗ ಅವರ ಕಾರಣ ಗಟ್ಟಿಯಾಗಿತ್ತು. ಹಲವು ವರ್ಷಗಳ ಗ್ರಾಮಸಭೆಯ ನಡವಳಿಗಳು, ಸಾಮಾನ್ಯ ಸಭೆಯ ನಿರ್ಣಯಗಳು, ಮನೆ ಹಂಚಿಕೆಯ ಪಟ್ಟಿಗಳು ಆ ಯಂತ್ರದಲ್ಲಿ ಹಳೆಯ ನುಡಿ ಅಕ್ಷರಶೈಲಿಯಲ್ಲಿ ಬೆರಳಚ್ಚಾಗಿದ್ದವು. ಹೊಸ ಯಂತ್ರದಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ಇಂಗ್ಲಿಷಿನ ಅಕ್ಷರಗಳೂ ಅರ್ಥವಿಲ್ಲದ ಚಿಹ್ನೆಗಳೂ ತುಂಬಿದ್ದವು.

ಇದರ ಕಾರಣ ಸರಳವಾದುದು. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶವು ಕನ್ನಡವನ್ನು ಸರ್ಕಾರಿ ಕಚೇರಿಗಳ ಗಣಕಕ್ಕೆ ತಂದ ಉಪಕಾರವನ್ನು ಯಾರೂ ಮರೆಯುವಂತಿಲ್ಲ. ಆದರೆ ಆ ಕಾಲದ ವಿಧಾನದಲ್ಲಿ ಕಡತದ ಒಳಗೆ ಉಳಿಯುತ್ತಿದ್ದುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ. ಅವುಗಳ ಮೇಲೆ ಕನ್ನಡದ ರೂಪವನ್ನು ತೊಡಿಸುತ್ತಿದ್ದುದು ಅಕ್ಷರಶೈಲಿ. ಅಕ್ಷರಶೈಲಿ ಇಲ್ಲದಿದ್ದರೆ ವೇಷ ಕಳಚಿ ಒಳಗಿನ ಸಂಕೇತ ಕಾಣುತ್ತದೆ. ಯೂನಿಕೋಡಿನಲ್ಲಿ ಹಾಗಲ್ಲ. ಅಲ್ಲಿ ಕನ್ನಡಕ್ಕೆಂದೇ 128 ಸ್ಥಾನಗಳು ಮೀಸಲಾಗಿವೆ. ಯಾವ ಯಂತ್ರದಲ್ಲಿ ತೆರೆದರೂ ಕ ಎಂಬುದು ಕ ಆಗಿಯೇ ಇರುತ್ತದೆ. ನುಡಿಯ ನಂತರದ ಆವೃತ್ತಿಗಳಲ್ಲಿ ಯೂನಿಕೋಡ್ ಬರೆಹಕ್ಕೂ ಹಳೆಯ ಬರೆಹವನ್ನು ಪರಿವರ್ತಿಸುವುದಕ್ಕೂ ಅವಕಾಶವಿದೆ.

ಆದುದರಿಂದ ಆಪರೇಟರಿನ ಆತಂಕಕ್ಕೆ ಉತ್ತರ ಹಳೆಯ ಯಂತ್ರವನ್ನೇ ಮುಂದುವರಿಸುವುದಲ್ಲ, ಕಡತಗಳನ್ನು ಮೊದಲು ಬಿಡುಗಡೆ ಮಾಡುವುದು. ಕಡತಗಳ ಎರಡು ಪ್ರತಿ ತೆಗೆದು, ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರಗಳೂ ಅಂಕಿಗಳೂ ಸರಿಯಾಗಿವೆಯೇ ಎಂದು ಮೂಲ ನಡವಳಿ ಪುಸ್ತಕದೊಂದಿಗೆ ತಾಳೆ ನೋಡಬೇಕು. ಪರಿವರ್ತನೆಯಲ್ಲಿ ಒಂದು ಒತ್ತಕ್ಷರ ಜಾರಿದರೆ ಒಬ್ಬ ಫಲಾನುಭವಿಯ ಹೆಸರೇ ಬದಲಾಗಬಹುದು. ತಾಳೆ ಮುಗಿಯುವವರೆಗೆ ಹಳೆಯ ಯಂತ್ರವನ್ನು ಅಂತರ್ಜಾಲದ ಸಂಪರ್ಕ ತಪ್ಪಿಸಿ, ಓದುವ ಕೆಲಸಕ್ಕೆ ಮಾತ್ರ ಇರಿಸಿಕೊಳ್ಳಬಹುದು. ಹಳೆಯ ಮುದ್ರಣ ಯಂತ್ರಗಳ ಬಗ್ಗೆಯೂ ಇದೇ ಎಚ್ಚರ ಬೇಕು. 32 ಬಿಟ್ಟಿನ ಡ್ರೈವರ್ 64 ಬಿಟ್ಟಿನ ವಿಂಡೋಸಿನಲ್ಲಿ ನಡೆಯುವುದಿಲ್ಲ. ಯಂತ್ರ ಬದಲಿಸುವ ಮುನ್ನವೇ ಮುದ್ರಣ ಯಂತ್ರಕ್ಕೆ ಸರಿಯಾದ ಡ್ರೈವರ್ ಉಂಟೇ ಎಂದು ನೋಡಿಕೊಳ್ಳಬೇಕು.

ನೀರುಗಂಟಿ ಇಲ್ಲದ ಕೆರೆ

"ಯಂತ್ರ ನಡೆಯುತ್ತಿದೆಯಲ್ಲ, ಬದಲಿಸುವುದೇಕೆ?" ಎಂಬ ಪ್ರಶ್ನೆ ಸಹಜವಾದುದು. ಕುಣಿಗಲ್ ದೊಡ್ಡಕೆರೆಯಂತಹ ಕೆರೆಯ ಏರಿಯನ್ನು ಬಲ್ಲವರಿಗೆ ಇದನ್ನು ವಿವರಿಸುವುದು ಸುಲಭ. ನೀರುಗಂಟಿ ಕೆಲಸ ಬಿಟ್ಟ ದಿನವೇ ಏರಿ ಒಡೆಯುವುದಿಲ್ಲ. ನೀರು ನಿಂತೇ ಇರುತ್ತದೆ, ತೂಬೂ ಹರಿಯುತ್ತದೆ. ಆದರೆ ಏಡಿ ತೋಡಿದ ಬಿಲವನ್ನು ಕಂಡು ಮುಚ್ಚುವವರು ಇರುವುದಿಲ್ಲ. ಕಾರ್ಯಾಚರಣಾ ವ್ಯವಸ್ಥೆಗೆ ತಯಾರಕರ ಬೆಂಬಲ ನಿಂತಿತೆಂದರೆ ನೀರುಗಂಟಿ ಹೊರಟುಹೋದನೆಂದೇ ಅರ್ಥ. ವಿಂಡೋಸ್ ಎಕ್ಸ್‌ಪಿಗೆ ಆ ದಿನ 2014ರ ಏಪ್ರಿಲ್ 8, ವಿಂಡೋಸ್ 7ಕ್ಕೆ 2020ರ ಜನವರಿ 14, ವಿಂಡೋಸ್ 8.1ಕ್ಕೆ 2023ರ ಜನವರಿ 10.

ಬಿಲ ಮುಚ್ಚದಿದ್ದರೆ ಏನಾಗುವುದೆಂಬುದನ್ನು 2017ರ ಮೇ 12ರಂದು ಜಗತ್ತು ಕಂಡಿತು. ವನ್ನಾಕ್ರೈ ಎಂಬ ಕುತಂತ್ರಾಂಶವು ಒಂದೇ ದಿನದಲ್ಲಿ ದೇಶದಿಂದ ದೇಶಕ್ಕೆ ಹರಡಿ, ಕಡತಗಳಿಗೆ ಬೀಗ ಜಡಿದು, ಬಿಡುಗಡೆಗೆ ಮುನ್ನೂರು ಡಾಲರುಗಳಿಂದ ಮೇಲ್ಪಟ್ಟು ಹಣ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳು ಮುಂದೂಡಲ್ಪಟ್ಟವು. ಅದು ದೂರದ ಮಾತೆಂದು ತಿಳಿಯಬೇಕಾಗಿಲ್ಲ. ಕರ್ನಾಟಕದ ಗಡಿಗೆ ಹೊಂದಿಕೊಂಡ ಕೇರಳದ ವಯನಾಡು ಜಿಲ್ಲೆಯ ತರಿಯೋಡು ಗ್ರಾಮ ಪಂಚಾಯತಿ ಕಚೇರಿಯ ಗಣಕಯಂತ್ರಗಳೂ ಅದೇ ವಾರ ಅದಕ್ಕೆ ತುತ್ತಾದವು. ಗಮನಿಸಬೇಕಾದ ಅಂಶವೆಂದರೆ, ಆ ಬಿಲವನ್ನು ಮುಚ್ಚುವ ಪರಿಷ್ಕರಣೆ 2017ರ ಮಾರ್ಚ್ 14ರಂದೇ, ಅಂದರೆ ಸುಮಾರು ಎರಡು ತಿಂಗಳ ಮೊದಲೇ ಬಂದಿತ್ತು. ಪರಿಷ್ಕರಣೆ ಪಡೆದ ಯಂತ್ರಗಳು ಉಳಿದವು. ಪರಿಷ್ಕರಣೆಯ ಬಾಗಿಲನ್ನೇ ಮುಚ್ಚಿದ ಅನಧಿಕೃತ ಪ್ರತಿಗೆ ಆ ಅವಕಾಶವೇ ಇರುವುದಿಲ್ಲ.

ಅನಧಿಕೃತ ಪ್ರತಿಯಲ್ಲಿ ಮತ್ತೊಂದು ಅಪಾಯವೂ ಉಂಟು. ಅದನ್ನು ಕಟ್ಟಿದವರು ಏನನ್ನು ತೆಗೆದರೆಂಬುದು ಬಳಕೆಯಿಂದ ಕ್ರಮೇಣ ತಿಳಿಯುತ್ತದೆ. ಏನನ್ನು ಸೇರಿಸಿದರೆಂಬುದು ತಿಳಿಯುವುದಿಲ್ಲ. ಒತ್ತಿದ ಪ್ರತಿಯೊಂದು ಕೀಲಿಯನ್ನೂ ದಾಖಲಿಸಿಕೊಳ್ಳುವ ತಂತ್ರಾಂಶ ಒಳಗೆ ಅಡಗಿದ್ದರೆ ಟೋಕನ್ನಿನ ಗುಪ್ತಸಂಖ್ಯೆಯೂ ಅದರ ಪಾಲಾಗುತ್ತದೆ.

ಯಂತ್ರವೂ ಸಹಿಯ ಭಾಗ

ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 5ನೆಯ ಪ್ರಕರಣವು ವಿದ್ಯುನ್ಮಾನ ಸಹಿಗೆ ಕೈಬರಹದ ಸಹಿಯಷ್ಟೇ ಮಾನ್ಯತೆಯನ್ನು ನೀಡುತ್ತದೆ. ಅದೇ ಕಾಯ್ದೆಯ 42ನೆಯ ಪ್ರಕರಣದ ಪ್ರಕಾರ ಸಹಿಯ ಖಾಸಗಿ ಕೀಲಿಯನ್ನು ತನ್ನ ಹತೋಟಿಯಲ್ಲಿ ಇರಿಸಿಕೊಳ್ಳಲು ಸಮಂಜಸವಾದ ಎಚ್ಚರ ವಹಿಸುವುದು ಸಹಿಯ ಒಡೆಯನ ಕರ್ತವ್ಯ. ಕೀಲಿ ಪರರ ವಶವಾದರೆ ಪ್ರಮಾಣಪತ್ರ ನೀಡಿದ ಸಂಸ್ಥೆಗೆ ವಿಳಂಬವಿಲ್ಲದೆ ತಿಳಿಸಬೇಕು. ಸಹಿ ಬಿದ್ದ ಮೇಲೆ "ಆ ದಿನ ಟೋಕನ್ ಆಪರೇಟರಿನ ಬಳಿ ಇತ್ತು" ಎಂಬ ಸಮಜಾಯಿಷಿಗೆ ಬೆಲೆಯಿಲ್ಲ.

ಟೋಕನ್ನಿನಲ್ಲಿ ಕೀಲಿ ಭದ್ರವಾಗಿರುತ್ತದೆ, ಅದು ಹೊರಗೆ ಬಾರದಂತೆಯೇ ಟೋಕನ್ ನಿರ್ಮಿತವಾಗಿದೆ ಎಂಬುದು ನಿಜ. ಆದರೆ ಟೋಕನ್ನಿಗೆ ಕಣ್ಣಿಲ್ಲ. ಯಂತ್ರ ಯಾವ ದಾಖಲೆಯನ್ನು ಮುಂದಿಟ್ಟಿತೋ ಅದಕ್ಕೆ ಅದು ಸಹಿ ಹಾಕುತ್ತದೆ. ಪರದೆಯ ಮೇಲೆ ತೋರುವುದು ಒಂದು, ಸಹಿಗೆ ಹೋಗುವುದು ಇನ್ನೊಂದು ಆಗದಂತೆ ಕಾಯಬೇಕಾದುದು ಕಾರ್ಯಾಚರಣಾ ವ್ಯವಸ್ಥೆ. ಆ ವ್ಯವಸ್ಥೆಯೇ ಅನಾಮಿಕರ ಕೈಯಿಂದ ಬಂದಿದ್ದರೆ, ಅದರ ಮೇಲೆ ಹಾಕುವ ಪ್ರತಿಯೊಂದು ಸಹಿಯೂ ಖಾಲಿ ಕಾಗದದ ಮೇಲಿನ ಸಹಿಗೆ ಸಮಾನ. ನಮೂನೆ 9ರ ಮೇಲೆ ಒಂದು ಕುಟುಂಬದ ಮನೆ ನಿಂತಿದೆ. ಪಾವತಿಯ ಅನುಮೋದನೆಯ ಮೇಲೆ ಗ್ರಾಮದ ಅನುದಾನ ನಿಂತಿದೆ. ಆದುದರಿಂದ ಸಹಿ ಬೀಳುವ ಯಂತ್ರವನ್ನೂ ಸಹಿಯ ಭಾಗವೆಂದೇ ಎಣಿಸಬೇಕು.

ಕಾನೂನಿನ ಇನ್ನೊಂದು ಮುಖವೂ ಗಮನದಲ್ಲಿರಲಿ. ಕೃತಿಸ್ವಾಮ್ಯ ಕಾಯ್ದೆ, 1957ರ 63ಬಿ ಪ್ರಕರಣವು ಗಣಕ ತಂತ್ರಾಂಶದ ಅನಧಿಕೃತ ಪ್ರತಿಯನ್ನು ತಿಳಿದೂ ಬಳಸುವುದನ್ನು ಅಪರಾಧವೆಂದು ಪರಿಗಣಿಸುತ್ತದೆ.

ಅನುಸರಿಸಬೇಕಾದ ಕ್ರಮ

ಸಹಿ ಆಗದಿದ್ದಾಗ ಪರೀಕ್ಷಿಸಬೇಕಾದ ಅನುಕ್ರಮ ಹೀಗಿದೆ.

1. ಯಂತ್ರದ ದಿನಾಂಕ ಮತ್ತು ಸಮಯವನ್ನು ನೋಡುವುದು. ತಪ್ಪಿದ್ದರೆ ಸರಿಪಡಿಸುವುದು. ಪದೇ ಪದೇ ತಪ್ಪುತ್ತಿದ್ದರೆ ಬ್ಯಾಟರಿ ಬದಲಿಸುವುದು.

2. ನೆರೆಯ ಪಂಚಾಯತಿಗೆ ದೂರವಾಣಿ ಮಾಡಿ ಅಲ್ಲಿ ಅದೇ ಜಾಲತಾಣ ನಡೆಯುತ್ತಿದೆಯೇ ಎಂದು ವಿಚಾರಿಸುವುದು. ಅಲ್ಲಿಯೂ ನಿಂತಿದ್ದರೆ ಮಾತ್ರ ಸರ್ವರಿನ ಮಾತು. ಅಲ್ಲಿ ನಡೆಯುತ್ತಿದ್ದರೆ ದೋಷ ತಮ್ಮ ಕಚೇರಿಯದು.

3. ಅಧಿಕಾರಿಯು ಸ್ವತಃ ಟೋಕನ್ನಿನೊಂದಿಗೆ ತಾಲ್ಲೂಕು ಪಂಚಾಯತಿ ಕಚೇರಿಗೆ ಅಥವಾ ನೆರೆಯ ಪಂಚಾಯತಿಗೆ ಹೋಗಿ ಪರೀಕ್ಷಿಸುವುದು. ತುರ್ತು ಸಹಿಗಳನ್ನು ಅಲ್ಲಿಯೇ ಮುಗಿಸುವುದು. ಖಾಸಗಿ ಮಳಿಗೆಗೆ ಟೋಕನ್ ಒಯ್ಯಬಾರದು, ಗುಪ್ತಸಂಖ್ಯೆಯನ್ನು ಬರೆದುಕೊಡಬಾರದು.

4. ಕಾರ್ಯಾಚರಣಾ ವ್ಯವಸ್ಥೆಯ ಆವೃತ್ತಿ, ಪರವಾನಗಿಯ ಸ್ಥಿತಿ, ಕೊನೆಯ ಪರಿಷ್ಕರಣೆಯ ದಿನಾಂಕ, ಬ್ರೌಸರಿನ ಆವೃತ್ತಿ, ಈ ನಾಲ್ಕನ್ನು ಬರೆದುಕೊಂಡು ತಾಂತ್ರಿಕ ಸಹಾಯ ಕೋರುವುದು. "ಕಂಪ್ಯೂಟರ್ ಸರಿಯಿಲ್ಲ" ಎಂಬ ಒಂದು ಸಾಲಿನ ದೂರಿಗೆ ಉತ್ತರ ನೀಡುವುದು ಯಾರಿಗೂ ಕಷ್ಟ.

5. ಪ್ರತಿಯು ಅನಧಿಕೃತವೆಂದು ತಿಳಿದರೆ ಅದನ್ನು ತೇಪೆ ಹಾಕಿ ಮುಂದುವರಿಸದೆ, ಕಡತಗಳ ಪ್ರತಿ ತೆಗೆದು, ಡಿಸ್ಕನ್ನು ಪೂರ್ಣವಾಗಿ ಅಳಿಸಿ, ಅಧಿಕೃತ ಪ್ರತಿಯನ್ನು ಹೊಸದಾಗಿ ಹಾಕಿಸುವುದು. ಅನಂತರ ಟೋಕನ್ನಿನ ಗುಪ್ತಸಂಖ್ಯೆಯನ್ನೂ ಎಲ್ಲ ಲಾಗಿನ್ನುಗಳ ಪಾಸ್‌ವರ್ಡುಗಳನ್ನೂ ಬದಲಿಸುವುದು.

6. ಕುತಂತ್ರಾಂಶದ ದಾಳಿ ಕಂಡುಬಂದರೆ ಜಾಲದ ತಂತಿಯನ್ನು ಕೂಡಲೇ ಕಳಚಿ ಮೇಲಧಿಕಾರಿಗಳಿಗೆ ತಿಳಿಸುವುದು. ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸರ್ಕಾರಿ ಸಂಸ್ಥೆಗಳೂ ಇಂತಹ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು.

ಎಲ್ಲ ಕಡೆಗೂ ವಿಂಡೋಸ್ ಒಂದೇ ಗತಿ ಎಂದು ಭಾವಿಸಬೇಕಾಗಿಲ್ಲ. ಉಚಿತ ಹಾಗೂ ಮುಕ್ತ ತಂತ್ರಾಂಶವಾದ ಲಿನಕ್ಸ್ ಇದೆ. ಕೇಂದ್ರ ಸರ್ಕಾರದ ಸಿ-ಡ್ಯಾಕ್ ಸಂಸ್ಥೆ ರೂಪಿಸಿದ ಬಾಸ್ ಎಂಬ ಭಾರತೀಯ ಆವೃತ್ತಿಯೂ ಇದೆ. ಪತ್ರ ಬೆರಳಚ್ಚು, ಜಾಲತಾಣ ವೀಕ್ಷಣೆ, ಯೂನಿಕೋಡ್ ಕನ್ನಡ ಇವೆಲ್ಲ ಅದರಲ್ಲಿ ಸುಗಮ. ಹಳೆಯ ಯಂತ್ರಗಳಲ್ಲಿಯೂ ಅದರ ಹಗುರವಾದ ರೂಪಗಳು ನಡೆಯುತ್ತವೆ. ಆದರೆ ಕಚೇರಿಯ ಟೋಕನ್ನಿಗೆ, ಸಹಿಯ ಸಹಾಯಕ ತಂತ್ರಾಂಶಕ್ಕೆ ಅದರಲ್ಲಿ ಬೆಂಬಲವಿದೆಯೇ ಎಂದು ಮೊದಲೇ ಪರೀಕ್ಷಿಸಬೇಕು. ಸಹಿಗೆ ಒಂದು ಅಧಿಕೃತ ವಿಂಡೋಸ್ ಯಂತ್ರ, ಉಳಿದ ಬರವಣಿಗೆಗೆ ಲಿನಕ್ಸ್ ಯಂತ್ರ ಎಂಬ ಹಂಚಿಕೆಯು ಸಣ್ಣ ಪಂಚಾಯತಿಗೂ ಎಟುಕುವಂಥದು.

ಮುಂದಿರುವ ಸರದಿ

ಈ ಮಾತುಗಳನ್ನು ಈಗಲೇ ಹೇಳಬೇಕಾದುದಕ್ಕೆ ಕಾರಣವುಂಟು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲವೂ ಮುಗಿಯಿತು. ಕಚೇರಿಗಳಲ್ಲಿರುವ ಹಲವು ಯಂತ್ರಗಳಿಗೆ ವಿಂಡೋಸ್ 11 ಹೊಂದುವುದಿಲ್ಲ. ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸಾಧನವೂ, ಇತ್ತೀಚಿನ ಪೀಳಿಗೆಯ ಪ್ರೊಸೆಸರೂ, 4 ಜಿಬಿ ಮೆಮೊರಿಯೂ, 64 ಜಿಬಿ ಸಂಗ್ರಹಸ್ಥಳವೂ ಕಡ್ಡಾಯ. ಈ ತಪಾಸಣೆಯನ್ನು ಮುರಿದು ಹಳೆಯ ಯಂತ್ರಕ್ಕೂ ಹೊಂದುವಂತೆ ಮಾರ್ಪಡಿಸಿದ ವಿಂಡೋಸ್ 11ರ ಪ್ರತಿಗಳು ಈಗಾಗಲೇ ಬಳಕೆಯಲ್ಲಿವೆ. ಹೆಸರು ಹೊಸದು, ರೋಗ ಹಳೆಯದೇ. "ಹೊಸ ವಿಂಡೋಸ್ ಹಾಕಿಕೊಡುತ್ತೇವೆ" ಎಂದು ಯಾರಾದರೂ ಪೆನ್‌ಡ್ರೈವ್ ತಂದರೆ ಕೇಳಬೇಕಾದ ಪ್ರಶ್ನೆಗಳು ಎರಡು: ಇದರ ಪರವಾನಗಿ ಎಲ್ಲಿದೆ? ಇದಕ್ಕೆ ಪರಿಷ್ಕರಣೆ ಬರುತ್ತದೆಯೇ?

ಕೊನೆಯದಾಗಿ ಒಂದು ಸಲಹೆ. ಅಧಿಕಾರಿಗಳು ವರ್ಗಾವಣೆಯಾದಾಗ ಪ್ರಭಾರ ಪಟ್ಟಿ ಸಿದ್ಧವಾಗುತ್ತದೆ. ನಗದು ಪುಸ್ತಕ, ಚೆಕ್ ಪುಸ್ತಕ, ಮುದ್ರೆಗಳು, ಬೀಗದ ಕೈಗಳು ಎಲ್ಲವೂ ಎಣಿಕೆಯಾಗಿ ಹಸ್ತಾಂತರವಾಗುತ್ತವೆ. ಗಣಕಯಂತ್ರದ ಮುಂದೆ "1" ಎಂಬ ಅಂಕಿ ಮಾತ್ರ ಇರುತ್ತದೆ. ಅದರ ಪಕ್ಕದಲ್ಲಿ ಇನ್ನು ನಾಲ್ಕು ಅಂಕಣಗಳಿರಲಿ: ಕಾರ್ಯಾಚರಣಾ ವ್ಯವಸ್ಥೆಯ ಹೆಸರು ಮತ್ತು ಆವೃತ್ತಿ, ಪರವಾನಗಿ ಇರುವ ಸ್ಥಳ, ಬೆಂಬಲ ಮುಗಿಯುವ ದಿನಾಂಕ, ಕೊನೆಯ ದುರಸ್ತಿಯ ವಿವರ. ಇದಕ್ಕೆ ಹಣ ಬೇಡ, ಮೇಲಿನ ಆದೇಶ ಬೇಡ, ಒಂದು ಮಧ್ಯಾಹ್ನದ ಬಿಡುವು ಸಾಕು. ಗುಬ್ಬಿಯ ಆ ಕಚೇರಿಯಲ್ಲಿ ಈ ನಾಲ್ಕು ಅಂಕಣಗಳಿದ್ದಿದ್ದರೆ, ಧೂಳಿನಡಿಯ ಪರವಾನಗಿ ದುರಸ್ತಿಯ ದಿನವೇ ನೆನಪಿಗೆ ಬರುತ್ತಿತ್ತು. ಬೆಂಬಲ ಮುಗಿದ ದಿನ ಯಂತ್ರ ಬದಲಾಗುತ್ತಿತ್ತು. ಆ ತಾಯಿ ಮೊದಲ ದಿನವೇ ಪತ್ರ ಪಡೆದು ಊರಿಗೆ ಮರಳುತ್ತಿದ್ದರು.